ಮಕ್ಕಳ ಅಂಗಳಕ್ಕಾಗಿ ಹೋರಾಡಿದ ವರದಿಗಾರ ಜೇಕಬ್ ರೀಸ್

ಮಹಾನಗರಗಳು ಬೆಳೆಯುತ್ತಿರುವಾಗ ಮೊಟ್ಟಮೊದಲು ಕಣ್ಮರೆಯಾಗುವುದು ಮಕ್ಕಳು ಆಡುವ ನೆಲ. ಮನೆ ಕಟ್ಟುವವರು, ಅಂಗಡಿ ಇಡುವವರು, ಕಾರ್ಖಾನೆ ಹೂಡುವವರು, ವಾಹನ ನಿಲ್ಲಿಸುವವರು ಎಲ್ಲರೂ ನೆಲಕ್ಕಾಗಿ ಅರ್ಜಿ ಹಿಡಿದು ಬರುತ್ತಾರೆ. ಮಕ್ಕಳ ಅರ್ಜಿ ಮಾತ್ರ ಯಾವ ಕಚೇರಿಗೂ ಬರುವುದಿಲ್ಲ. ಅವರಿಗೆ ಮತಾಧಿಕಾರವಿಲ್ಲ, ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ದೊಡ್ಡವರಲ್ಲೊಬ್ಬರು ಅವರ ಪರವಾಗಿ ನಿಂತು ಹಟ ಹಿಡಿದು ಕೇಳಿದ ಹೊರತು ಅವರಿಗೆ ಗೇಣು ಜಾಗವೂ ದೊರೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಹೀಗೆ ನಿಂತು ಕೇಳಿದವರಲ್ಲಿ ಜೇಕಬ್ ರೀಸ್ ಅಗ್ರಗಣ್ಯನು. ಆತನು ನಗರರಚನಾ ಶಾಸ್ತ್ರವನ್ನು ಓದಿದವನಲ್ಲ, ಶಾಸನಸಭೆಯ ಸದಸ್ಯನಲ್ಲ, ಹಣವಂತನಂತೂ ಅಲ್ಲವೇ ಅಲ್ಲ. ಪೋಲೀಸ್ ಠಾಣೆಯ ಸುದ್ದಿಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದ, ಪರದೇಶದಿಂದ ಬಂದ ಪತ್ರಕರ್ತ. ಆತನ ಜೀವನವೃತ್ತಾಂತವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ರೀಸನು ಹುಟ್ಟಿದ್ದು ೧೮೪೯ನೆಯ ಮೇ ೩ರಂದು, ಡೆನ್ಮಾರ್ಕ್ ದೇಶದ ರೀಬೆ ಎಂಬ ಪುರಾತನ ಪಟ್ಟಣದಲ್ಲಿ. ತಂದೆ ಶಾಲೆಯ ಉಪಾಧ್ಯಾಯರು. ಮಕ್ಕಳು ಹಲವರು, ಸಂಬಳ ಅಲ್ಪ. ಆದರೂ ಆ ಊರಿನಲ್ಲಿ ಬಡವರ ಮಕ್ಕಳಿಗೂ ದೊರಕುತ್ತಿದ್ದ ಒಂದು ಐಶ್ವರ್ಯವಿತ್ತು. ಮನೆಯ ಬಾಗಿಲು ದಾಟಿದರೆ ಹೊಲ, ಹುಲ್ಲುಗಾವಲು, ನದಿ. ಸ್ವಲ್ಪ ದೂರದಲ್ಲಿ ಕಡಲು. ಆಟಕ್ಕೆ ಜಾಗವನ್ನು ಯಾರೂ ಯಾರಿಂದಲೂ ಬೇಡಬೇಕಾಗಿರಲಿಲ್ಲ. ಮುಂದೆ ನ್ಯೂಯಾರ್ಕಿನ ಕತ್ತಲೆಯ ಓಣಿಗಳಲ್ಲಿ ಅಲೆಯುವಾಗಲೂ ರೀಸನು ಈ ಹಸುರನ್ನು ಮರೆಯಲಿಲ್ಲ. ಊರಿನಲ್ಲಿ ಬಡವರು ತುಂಬಿದ್ದ ಒಂದು ಕೊಳಕು ವಠಾರವಿತ್ತು. ಸುಮಾರು ಹನ್ನೆರಡು ವರ್ಷದ ಬಾಲಕನಾಗಿದ್ದಾಗ ರೀಸನು ಕ್ರಿಸ್‌ಮಸ್ ಹಬ್ಬಕ್ಕೆಂದು ತನಗೆ ಸಿಕ್ಕ ನಾಣ್ಯವನ್ನು ಅಲ್ಲಿಯ ಒಂದು ಸಂಸಾರಕ್ಕೆ ಕೊಟ್ಟು, ಮನೆಯನ್ನು ಚೊಕ್ಕಟ ಮಾಡಿಕೊಳ್ಳಬೇಕೆಂಬ ಷರತ್ತನ್ನೂ ಹಾಕಿದನಂತೆ. ಮುಂದಿನ ಮನುಷ್ಯನ ಸ್ವಭಾವದ ಸುಳಿವು ಈ ಬಾಲಲೀಲೆಯಲ್ಲಿಯೇ ಕಾಣುತ್ತದೆ.

ತಂದೆಗೆ ಮಗನು ವಿದ್ಯಾವಂತನಾಗಬೇಕೆಂಬ ಆಸೆ; ಮಗನು ಆರಿಸಿಕೊಂಡಿದ್ದು ಬಡಗಿಯ ಕೆಲಸ. ಕೋಪನ್‌ಹೇಗನ್ ನಗರದಲ್ಲಿ ಆ ಕಸಬನ್ನು ಕಲಿತು ಊರಿಗೆ ಮರಳಿದಾಗ ಅಲ್ಲಿ ಸಾಕಷ್ಟು ಕೆಲಸ ದೊರೆಯಲಿಲ್ಲ. ತಾನು ಮೆಚ್ಚಿದ ಎಲಿಸಬೆತ್ ಎಂಬ ಕನ್ಯೆಯೂ ಆಗ ಆತನನ್ನು ಒಪ್ಪಲಿಲ್ಲ. ೧೮೭೦ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಸ್ನೇಹಿತರು ಕೂಡಿಸಿಕೊಟ್ಟ ೪೦ ಡಾಲರುಗಳೊಡನೆ ಆತನು ನ್ಯೂಯಾರ್ಕ್ ರೇವಿನಲ್ಲಿ ಇಳಿದನು. ಕಾಡುಜನರ ದೇಶಕ್ಕೆ ಹೋಗುತ್ತಿದ್ದೇನೆಂಬ ಭ್ರಮೆಯಿಂದ ಅದರಲ್ಲಿ ಅರ್ಧದಷ್ಟು ಹಣವನ್ನು ಒಂದು ರಿವಾಲ್ವರಿಗೆ ಸುರಿದನೆಂಬುದು ನಗೆ ತರಿಸುವ ಸಂಗತಿ.

ಆಮೇಲಿನ ವರ್ಷಗಳು ನಗುವಂಥವಾಗಿರಲಿಲ್ಲ. ಕಬ್ಬಿಣದ ಕಾರ್ಖಾನೆ, ಕಲ್ಲಿದ್ದಲ ಗಣಿ, ಇಟ್ಟಿಗೆಯ ಗೂಡು, ಹೊಲದ ಕೂಲಿ ಎಂದು ಸಿಕ್ಕಿದ ಕೆಲಸಗಳನ್ನೆಲ್ಲ ಮಾಡಿದನು, ಒಂದೂ ನಿಲ್ಲಲಿಲ್ಲ. ಕೈಯಲ್ಲಿ ಕಾಸಿಲ್ಲದೆ, ಉಪವಾಸವಿದ್ದು, ಬಾಗಿಲ ಸಂದಿಗಳಲ್ಲಿ ಮಲಗಿ ದಿನಗಳೆದನು. ಮನೆಯಿಲ್ಲದವರಿಗಾಗಿ ಪೋಲೀಸ್ ಠಾಣೆಗಳಲ್ಲಿ ಇಟ್ಟಿದ್ದ ರಾತ್ರಿಯ ತಂಗುದಾಣವೊಂದರಲ್ಲಿ, ಮಳೆಯ ಒಂದು ಇರುಳು, ಹಲಗೆಯ ಮೇಲೆ ಮಲಗಿದನು. ಬೆಳಗಾಗುವುದರೊಳಗೆ ಕೊರಳಲ್ಲಿದ್ದ ಚಿನ್ನದ ಪದಕವು ಕಳವಾಗಿತ್ತು. ದೂರು ಹೇಳಿದಾಗ ಕಳ್ಳನೆಂದು ಆತನನ್ನೇ ಗದರಿಸಿ ಹೊರಗಟ್ಟಿದರು. ಬೀದಿಯಲ್ಲಿ ಜತೆಗೂಡಿದ್ದ ಒಂದು ಪುಟ್ಟ ನಾಯಿ ಬಾಗಿಲಲ್ಲಿ ಕಾದಿತ್ತು. ಒಡೆಯನ ಪರವಾಗಿ ಅದು ಎರಗಲು, ಪೋಲೀಸಿನವನೊಬ್ಬನು ಅದನ್ನು ಮೆಟ್ಟಿಲಿಗೆ ಅಪ್ಪಳಿಸಿ ಕೊಂದನು. ಈ ಇರುಳಿನ ನೆನಪು ರೀಸನ ಎದೆಯಲ್ಲಿ ಇಪ್ಪತ್ತೈದು ವರ್ಷ ಉರಿಯಿತು.

ಮೆಲ್ಲಮೆಲ್ಲನೆ ದಿನಗಳು ತಿರುಗಿದುವು. ಸಣ್ಣ ಪತ್ರಿಕೆಗಳಲ್ಲಿ ಬರೆಯತೊಡಗಿ, ಬ್ರೂಕ್ಲಿನ್ನಿನಲ್ಲಿ ಒಂದು ವಾರಪತ್ರಿಕೆಯನ್ನು ತಾನೇ ಕೊಂಡು ನಡೆಯಿಸಿ, ಸಾಲ ತೀರಿಸಿದನು. ಒಲ್ಲೆನೆಂದಿದ್ದ ಎಲಿಸಬೆತ್ ಕಾಲಾಂತರದಲ್ಲಿ ಒಪ್ಪಿದಳು. ೧೮೭೬ರಲ್ಲಿ ರೀಬೆಯಲ್ಲಿಯೇ ಮದುವೆಯಾಯಿತು. ಮರುವರ್ಷ ರೀಸನು ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಪೋಲೀಸ್ ವರದಿಗಾರನಾದನು. ಮಲ್ಬೆರಿ ಬೀದಿಯಲ್ಲಿ ಪೋಲೀಸ್ ಮುಖ್ಯ ಕಚೇರಿ. ಅದರ ಎದುರಿಗೆ ವರದಿಗಾರರ ಕೋಣೆ. ಕೊಲೆ, ಕಳವು, ಬೆಂಕಿ, ರೋಗಗಳ ಸುದ್ದಿಯನ್ನು ಕಲೆಹಾಕುವುದು ಆತನ ಕೆಲಸ. ನಡುರಾತ್ರಿ ಕಳೆದ ಮೇಲೆ ಕೆಲಸ ಮುಗಿಸಿ ಮನೆಗೆ ಹೋಗುವಾಗ ಅದೇ ಬೀದಿಯ ತೆಂಕಣ ತಿರುವಿನ ಮೂಲಕ ನಡೆದುಹೋಗುತ್ತಿದ್ದನು. ಆ ತಿರುವಿಗೆ ಮಲ್ಬೆರಿ ಬೆಂಡ್ ಎಂದು ಹೆಸರು. ನ್ಯೂಯಾರ್ಕಿನ ಅತ್ಯಂತ ಹೀನ ಕೊಳೆಗೇರಿಯೆಂದು ಅದು ಕುಪ್ರಸಿದ್ಧವಾಗಿತ್ತು.

ಆ ಕಾಲದ ನ್ಯೂಯಾರ್ಕಿನ ಚಾಳುಗಳು ಹೇಗಿದ್ದುವೆಂಬುದನ್ನು ತಿಳಿಯದಿದ್ದರೆ ರೀಸನ ಹೋರಾಟದ ಅರ್ಥ ತಿಳಿಯದು. ೨೫ ಅಡಿ ಅಗಲ, ೧೦೦ ಅಡಿ ಉದ್ದದ ನಿವೇಶನದಲ್ಲಿ ಐದಾರು ಅಂತಸ್ತುಗಳ ಕಟ್ಟಡ. ಅದರ ಹಿತ್ತಿಲಲ್ಲಿ ಮತ್ತೊಂದು ಕಟ್ಟಡ. ಒಳಗಿನ ಕೋಣೆಗಳಿಗೆ ಕಿಟಕಿಯಿಲ್ಲ. ಬೆಳಕೂ ಗಾಳಿಯೂ ಇಲ್ಲ. ಇಟಲಿ, ಐರ್ಲೆಂಡ್, ರಷ್ಯ, ಜರ್ಮನಿ ಮೊದಲಾದ ದೇಶಗಳಿಂದ ಹಡಗು ಹಡಗಾಗಿ ಬಂದಿಳಿದ ಬಡಜನರು ಇಂಥ ಗೂಡುಗಳಲ್ಲಿ ತುಂಬಿದ್ದರು. ನಗರದ ಪೂರ್ವಭಾಗದ ಕೆಲವು ಕಡೆ ಒಂದು ಚದರ ಮೈಲಿಗೆ ೩,೩೦,೦೦೦ ಜನರಿದ್ದರೆಂದು ರೀಸನು ತನ್ನ ಗ್ರಂಥದಲ್ಲಿ ಲೆಕ್ಕ ಕೊಟ್ಟಿದ್ದಾನೆ. ಇಂಥ ಕಡೆ ಮಕ್ಕಳು ಎಲ್ಲಿ ಆಡಬೇಕು? ಮನೆಯಲ್ಲಿ ಜಾಗವಿಲ್ಲ, ಮಾಳಿಗೆ ಅಪಾಯದ ಸ್ಥಳ, ಬೀದಿಯಲ್ಲಿ ಕುದುರೆಗಾಡಿಗಳ ಸಂದಣಿ. ಬೀದಿಯಲ್ಲಿ ಚೆಂಡಾಡಿದರೆ ಪೋಲೀಸರು ಹಿಡಿದು ನ್ಯಾಯಾಲಯಕ್ಕೆ ಒಯ್ಯುವರು. ಆಟವೇ ಅಪರಾಧವಾದ ಊರಿನಲ್ಲಿ ಹುಡುಗನು ಅಪರಾಧಿಗಳ ಗುಂಪಿಗೆ ಸೇರಿದರೆ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಈ ಪೋಲೀಸ್ ವರದಿಗಾರನು ಮತ್ತೆ ಮತ್ತೆ ಎತ್ತತೊಡಗಿದನು.

ವರ್ಷಗಟ್ಟಲೆ ಬರೆದರೂ ಜನರು ನಂಬಲಿಲ್ಲ. ನಂಬಿದವರೂ ಮರುದಿನ ಮರೆತರು. ೧೮೮೭ರಲ್ಲಿ, ಕತ್ತಲೆಯಲ್ಲಿ ಪುಡಿಯನ್ನು ಹೊತ್ತಿಸಿ ಅದರ ಬೆಳಕಿನಿಂದ ಛಾಯಾಚಿತ್ರ ತೆಗೆಯುವ ವಿಧಾನವು ಜರ್ಮನಿಯಲ್ಲಿ ಶೋಧವಾಗಿದೆಯೆಂಬ ಸುದ್ದಿಯನ್ನು ರೀಸನು ಪತ್ರಿಕೆಯಲ್ಲಿ ಓದಿದನು. ಕೂಡಲೇ ಕ್ಯಾಮೆರಾ ಹೊತ್ತು ರಾತ್ರಿಯ ಹೊತ್ತು ಚಾಳುಗಳನ್ನು ಹೊಕ್ಕನು. ಬಾಣಲೆಯಲ್ಲಿ ಪುಡಿಯನ್ನಿಟ್ಟು ಉರಿಸುವ ಈ ಪ್ರಯೋಗದಲ್ಲಿ ಎರಡು ಸಲ ಮನೆಗೆ ಬೆಂಕಿ ಹೊತ್ತಿಸಿದನು, ಒಂದು ಸಲ ತನಗೇ ಹೊತ್ತಿಸಿಕೊಂಡನು. ಕಿಟಕಿಯಿಲ್ಲದ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದವರು, ಹೊಲಿಗೆಯ ಕೆಲಸದಲ್ಲಿ ಬಾಗಿದ ಮಕ್ಕಳು, ಗಾಳಿಕಂಡಿಯ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ನಿದ್ರಿಸುವ ಬೀದಿಯ ಹುಡುಗರು — ಈ ಚಿತ್ರಗಳನ್ನು ದೀಪದ ಯಂತ್ರದಿಂದ ಪರದೆಯ ಮೇಲೆ ಬಿಂಬಿಸಿ ಊರೂರು ಉಪನ್ಯಾಸ ಮಾಡಿದನು. ೧೮೯೦ರಲ್ಲಿ ನಗರದ ಇನ್ನರ್ಧ ಜನರ ಬಾಳನ್ನು ಕುರಿತ ಆತನ ಮೊದಲ ಗ್ರಂಥವು ಪ್ರಕಟವಾಗಿ ದೇಶದ ಕಣ್ಣು ತೆರೆಸಿತು. ಅದನ್ನು ಓದಿ ಸಹಾಯ ಮಾಡಲೆಂದು ರೀಸನ ಕಚೇರಿಗೆ ತಾನಾಗಿ ಬಂದವರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಒಬ್ಬನು. ಆತನು ೧೮೯೫ರಲ್ಲಿ ಪೋಲೀಸ್ ಮಂಡಲಿಯ ಅಧ್ಯಕ್ಷನಾದಾಗ ಇಬ್ಬರೂ ರಾತ್ರಿಯಿಡೀ ಬೀದಿಗಳನ್ನು ಸುತ್ತಿ ನೋಡಿದರು. ರೀಸನು ಹಿಂದೆ ಮಲಗಿದ್ದಂಥ ಠಾಣೆಯ ತಂಗುದಾಣಗಳನ್ನು ಮರುವರ್ಷ ಮುಚ್ಚಿಸಲಾಯಿತು.

ಬಡವರ ಮಕ್ಕಳನ್ನೇ ಕುರಿತು ಆತನು ೧೮೯೨ರಲ್ಲಿ ಬರೆದ ಗ್ರಂಥದಲ್ಲಿ ಒಂದು ಸಣ್ಣ ಲೆಕ್ಕವಿದೆ. ಒಂದು ಶಾಲೆಯ ತರಗತಿಯಲ್ಲಿ ೪೮ ಹುಡುಗರಿದ್ದರು. ಅವರಲ್ಲಿ ಸೆಂಟ್ರಲ್ ಪಾರ್ಕನ್ನು ಕಂಡವರು ಮೂವರೇ. ಸೆಂಟ್ರಲ್ ಪಾರ್ಕೆಂಬುದು ನ್ಯೂಯಾರ್ಕಿನ ಹೆಮ್ಮೆಯ ಉದ್ಯಾನ. ೮೦೦ ಎಕರೆಗೂ ಮಿಕ್ಕಿದ ವಿಸ್ತಾರ. ಕಾಗದದ ಮೇಲೆ ಅದು ಎಲ್ಲ ಮಕ್ಕಳದೂ ಹೌದು. ಆದರೆ ಊರಿನ ತೆಂಕಣ ತುದಿಯ ಚಾಳಿನ ಹುಡುಗನಿಗೆ ಅದು ಮೈಲಿಗಳಾಚೆಯ ಸ್ಥಳ. ಟ್ರಾಮಿನ ಕಾಸಿಲ್ಲದವನಿಗೆ, ಕೈಗೂಸನ್ನು ಎತ್ತಿಕೊಂಡು ನೋಡಿಕೊಳ್ಳಬೇಕಾದ ಹುಡುಗಿಗೆ, ಆ ದೂರವು ಸಮುದ್ರದಷ್ಟು. ನಗರಕ್ಕೆ ಎಷ್ಟು ಎಕರೆ ಉದ್ಯಾನವಿದೆಯೆಂದು ಕೇಳಿದರೆ ಸಾಲದು. ಮಗುವಿನ ಮನೆಯ ಬಾಗಿಲಿನಿಂದ ಅದು ಎಷ್ಟು ಹೆಜ್ಜೆಗಳ ದೂರದಲ್ಲಿದೆಯೆಂದು ಕೇಳಬೇಕು. ರೀಸನ ಬರವಣಿಗೆಯಿಂದ ಹೊರಡುವ ಮೊದಲ ಪಾಠವು ಇದೆಂದು ನಮಗೆ ತೋರುತ್ತದೆ.

ಚಿಕ್ಕ ಉದ್ಯಾನಗಳಿಗಾಗಿ ೧೮೮೭ರಲ್ಲಿಯೇ ಕಾನೂನು ಆಗಿತ್ತು. ಮೇಯರ್ ಏಬ್ರಮ್ ಹ್ಯೂವಿಟ್ಟನ ಕಾಲದಲ್ಲಿ ಆದ ಈ ಶಾಸನವು ಕಿಕ್ಕಿರಿದ ಕೇರಿಗಳಲ್ಲಿ ಉದ್ಯಾನಗಳನ್ನು ಮಾಡಲು ವರ್ಷಕ್ಕೆ ಹತ್ತು ಲಕ್ಷ ಡಾಲರುಗಳವರೆಗೆ ವೆಚ್ಚ ಮಾಡುವ ಅಧಿಕಾರವನ್ನು ನಗರಕ್ಕೆ ಕೊಟ್ಟಿತು. ಅಧಿಕಾರವಿದ್ದರೂ ಇಚ್ಛೆಯಿರಲಿಲ್ಲ. ವರ್ಷದ ಮೇಲೆ ವರ್ಷ ಉರುಳಿತು. ಹಣವು ಬಹುಪಾಲು ಹಾಗೆಯೇ ಉಳಿಯಿತು. ಮಲ್ಬೆರಿ ಬೆಂಡನ್ನು ಕೆಡವಿ ಉದ್ಯಾನ ಮಾಡಬೇಕೆಂದು ನಿಶ್ಚಯವಾದರೂ ನಕ್ಷೆ, ಬೆಲೆಕಟ್ಟುವಿಕೆ, ತಕರಾರುಗಳಲ್ಲಿ ಕಾಲ ಕಳೆಯಿತು. ಚಾಳುಗಳು ನಗರದ ವಶಕ್ಕೆ ಬಂದ ಮೇಲೆ, ಕೆಡವುವ ಬದಲು, ನಗರವೇ ಬಾಡಿಗೆ ವಸೂಲು ಮಾಡುತ್ತ ಕುಳಿತಿತು! ರೀಸನು ಬಿಡಲಿಲ್ಲ. ಪತ್ರಿಕೆಯಲ್ಲಿ ದಿನವೂ ಚುಚ್ಚಿದನು, ಚಿತ್ರಗಳನ್ನು ತೋರಿಸಿದನು. ಅಂತೂ ೧೮೯೫ರಲ್ಲಿ ಚಾಳುಗಳು ಉರುಳಿದುವು. ಉರುಳಿದ ಮೇಲೆಯೂ ಆ ಸ್ಥಳವು ಬಹುಕಾಲ ಹಾಳು ಗುಂಡಿಯಾಗಿ ಬಿದ್ದಿರಲು, ರೀಸನು ನಗರಾಡಳಿತದ ಮೇಲೆಯೇ ಆರೋಗ್ಯ ಮಂಡಲಿಗೆ ದೂರು ಕೊಟ್ಟನು.

೧೮೯೭ರ ಜೂನ್ ೧೫ರಂದು ಸುಮಾರು ಮೂರು ಎಕರೆಯ ಮಲ್ಬೆರಿ ಬೆಂಡ್ ಉದ್ಯಾನದ ಪ್ರಾರಂಭೋತ್ಸವ. ವೇದಿಕೆಯ ಮೇಲೆ ಅಧಿಕಾರಿಗಳು, ಗಣ್ಯರು, ಭಾಷಣಗಳು. ರೀಸನಿಗೆ ಆಹ್ವಾನವಿರಲಿಲ್ಲ. ಪತ್ರಕರ್ತ ಮಿತ್ರನೊಬ್ಬನೊಡನೆ ಆತನು ಗುಂಪಿನಲ್ಲಿ ನಿಂತಿದ್ದನು. ನಗರದ ಬೀದಿಗಳನ್ನು ಮೊದಲ ಬಾರಿಗೆ ಶುಚಿಗೊಳಿಸಿದವನೆಂದು ಹೆಸರಾಗಿದ್ದ ಅಧಿಕಾರಿ ಕರ್ನಲ್ ವೇರಿಂಗ್ ಎದ್ದು, ಈ ಉದ್ಯಾನವು ಯಾರಿಂದ ಆಯಿತೆಂಬುದನ್ನು ನೆನಪಿಸಿ, ಜೇಕಬ್ ರೀಸನಿಗೆ ಮೂರು ಬಾರಿ ಜಯಕಾರ ಹಾಕಬೇಕೆಂದು ಜನರನ್ನು ಕೇಳಿದನು. ಜನರು ಸಂತೋಷದಿಂದ ಕೂಗಿದರು.

ಅದೇ ಉದ್ಯಾನದಲ್ಲಿ ನಡೆದ ಇನ್ನೊಂದು ಪ್ರಸಂಗವನ್ನು ರೀಸನೇ ಬರೆದಿಟ್ಟಿದ್ದಾನೆ. ಕೆಲವು ವಾರ ಆತನು ಆ ಕಡೆ ಹೋಗಿರಲಿಲ್ಲ. ಒಂದು ಬೆಳಗ್ಗೆ ಬಂದು ನೋಡುತ್ತಾನೆ: ಹಸುರು ಹುಲ್ಲನ್ನು ಹಾಸಿದ್ದಾರೆ, ಆಳುಗಳು ಅದನ್ನು ಕತ್ತರಿಸುತ್ತಿದ್ದಾರೆ, ಹೊಸ ಹುಲ್ಲಿನ ವಾಸನೆ ಹರಡಿದೆ, ಇಟಲಿಯವರ ಮಕ್ಕಳು ಸುತ್ತಲೂ ನಿಂತು ಕುಣಿಯುತ್ತಿದ್ದಾರೆ. ಹತ್ತು ವರ್ಷಗಳ ಬಡಿದಾಟವು ಹಸುರಾಗಿ ಎದುರಿಗಿತ್ತು. ಆನಂದದಲ್ಲಿ ಮೈಮರೆತು ಆತನು ಹುಲ್ಲಿನ ಮೇಲೆ ಕಾಲಿಟ್ಟನು. ಕೂಡಲೇ ಬೆನ್ನಿನ ಮೇಲೆ ಬೆತ್ತದ ಏಟು ಬಿತ್ತು. ಉದ್ಯಾನದ ಕಾವಲಿನ ಪೋಲೀಸಿನವನು, ಹುಲ್ಲು ತುಳಿಯುವುದಕ್ಕೆ ಇರುವುದಲ್ಲವೆಂದು ಗದರಿಸಿ ಆತನನ್ನು ಕೆಳಗಿಳಿಸಿದನು. ಉದ್ಯಾನವನ್ನು ತಂದವನಿಗೇ ಉದ್ಯಾನದಲ್ಲಿ ದೊರೆತ ಮರ್ಯಾದೆ ಇದು! ರೀಸನು ಮುನಿಯಲಿಲ್ಲ, ಉದ್ಯಾನ ಬಂದಿತಲ್ಲ, ಅಷ್ಟು ಸಾಕೆಂದು ನಕ್ಕುಬಿಟ್ಟನು.

ಆದರೆ ನಾವು ಈ ಪ್ರಸಂಗವನ್ನು ನಕ್ಕು ಬಿಡುವಂತಿಲ್ಲ. ಹಲವು ವರ್ಷಗಳ ಹೋರಾಟದಿಂದ ಪಡೆದ ನೆಲವು ಮಕ್ಕಳ ಕಣ್ಣಿಗೆ ದೊರೆಯಿತೇ ಹೊರತು ಕಾಲಿಗೆ ದೊರೆಯಲಿಲ್ಲ. ಕಾಲುದಾರಿ, ಹೂವಿನ ಮಡಿ, ಬೆಂಚು, ಹುಲ್ಲಿನಿಂದ ದೂರವಿರಬೇಕೆಂಬ ಹಲಗೆ — ಇವು ದಣಿದ ದೊಡ್ಡವರಿಗೆ ಹಿತವಾದವು, ಓಡಬೇಕೆನ್ನುವ ಮಗುವಿಗಲ್ಲ. ೧೯೦೦ರಲ್ಲಿ ಅದೇ ನಗರದ ಪೂರ್ವಭಾಗದಲ್ಲಿ ಹ್ಯಾಮಿಲ್ಟನ್ ಫಿಶ್ ಎಂಬ ಹೆಸರಿನ ಮತ್ತೊಂದು ಉದ್ಯಾನವು ತೆರೆಯಿತು. ಪ್ರಸಿದ್ಧ ಶಿಲ್ಪಿಗಳು ರಚಿಸಿದ ಅಂದವಾದ ಕೃತಿ ಅದು. ಸಹಸ್ರಾರು ಮಕ್ಕಳ ತುಳಿತವನ್ನು ತಾಳಲಾರದೆ ಅಲ್ಪಕಾಲದಲ್ಲಿ ಅದು ಹಾಳಾಯಿತು; ಮೂರು ವರ್ಷಗಳೊಳಗಾಗಿ ಅದನ್ನು ಮತ್ತೊಮ್ಮೆ ಬೇರೆ ರೀತಿಯಲ್ಲಿ ರಚಿಸಬೇಕಾಯಿತು. ತಪ್ಪು ಮಕ್ಕಳದಲ್ಲ, ಅವರ ಕಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಕ್ಷೆಯದು.

ಆದುದರಿಂದ ರೀಸನೂ ಆತನ ಸಂಗಡಿಗರೂ ಬರಿಯ ಉದ್ಯಾನವನ್ನು ಕೇಳುವುದನ್ನು ಬಿಟ್ಟು ಆಟದ ಬಯಲನ್ನು ಕೇಳಿದರು. ಬಾಸ್ಟನ್ ನಗರದಲ್ಲಿ ೧೮೮೫ರಲ್ಲಿಯೇ, ಬರ್ಲಿನ್ನಿನ ಮಾದರಿಯನ್ನು ನೋಡಿ, ಬಡಕೇರಿಯ ಅಂಗಳದಲ್ಲಿ ಮರಳಿನ ರಾಶಿ ಹಾಕಿ ಎಳೆಯ ಮಕ್ಕಳನ್ನು ಆಡಿಸಿದ್ದರು. ಚಾಳುಗಳ ಸ್ಥಿತಿಯನ್ನು ವಿಚಾರಿಸಲು ೧೮೯೪ರಲ್ಲಿ ನೇಮಕವಾದ ಸಮಿತಿಯ ಶಿಫಾರಸಿನ ಫಲವಾಗಿ ೧೮೯೫ರಲ್ಲಿ ನ್ಯೂಯಾರ್ಕಿಗೆ ಒಂದು ಉತ್ತಮ ಕಾನೂನು ದೊರಕಿತು: ಅಂದಿನಿಂದ ಕಟ್ಟುವ ಯಾವ ಶಾಲೆಗೂ ಬಯಲಿನ ಆಟದ ಅಂಗಳವಿರಲೇಬೇಕು. ನೆಲದ ಬೆಲೆ ಆಕಾಶಕ್ಕೇರಿದ ಕೇರಿಗಳಲ್ಲಿ ಈ ಅಂಗಳವನ್ನು ಎಲ್ಲಿಂದ ತರುವುದು? ಶಾಲಾ ಕಟ್ಟಡಗಳ ಶಿಲ್ಪಿ ಸ್ನೈಡರನು ಇದಕ್ಕೆ ಉಪಾಯ ಕಂಡುಹಿಡಿದನು. ಆಂಗ್ಲ ಅಕ್ಷರಮಾಲೆಯ ಎಚ್ ಆಕಾರದಲ್ಲಿ ಕಟ್ಟಡವನ್ನು ರಚಿಸಿ ಎರಡು ಬದಿಗಳಲ್ಲಿ ತೆರೆದ ಅಂಗಳಗಳನ್ನು ಬಿಟ್ಟನು. ಜಾಗ ಸಾಲದ ಕಡೆ ಮಾಳಿಗೆಗೆ ಎತ್ತರದ ಬೇಲಿ ಕಟ್ಟಿ ಅದನ್ನೇ ಆಟದ ಬಯಲಾಗಿ ಮಾಡಿದನು. ಬೇಸಗೆಯ ಸಂಜೆಗಳಲ್ಲಿ ಆ ಮಾಳಿಗೆಗಳ ಮೇಲೆ ವಾದ್ಯ ನುಡಿಸುತ್ತಿದ್ದರು. ಕೆಳಗಿನ ಕೇರಿಯ ಮಕ್ಕಳು ಮೇಲೇರಿ ಬಂದು ಕುಣಿಯುತ್ತಿದ್ದರು. ಈ ನೋಟವನ್ನು ರೀಸನು ಬಹು ಪ್ರೀತಿಯಿಂದ ವರ್ಣಿಸಿದ್ದಾನೆ.

೧೮೯೭ರಲ್ಲಿ ಮೇಯರ್ ಸ್ಟ್ರಾಂಗನು ಚಿಕ್ಕ ಉದ್ಯಾನಗಳ ವಿಷಯದಲ್ಲಿ ಸಲಹೆ ಕೊಡಲು ಒಂದು ಸಮಿತಿಯನ್ನು ನೇಮಿಸಿದನು. ಹ್ಯೂವಿಟ್ ಅದರ ಅಧ್ಯಕ್ಷ, ರೀಸನು ಕಾರ್ಯದರ್ಶಿ. ಯಾವ ಕೇರಿಯಲ್ಲಿ ಆಟದ ಸ್ಥಳ ಬೇಕೆಂಬುದನ್ನು ಈ ಸಮಿತಿ ವಿಚಾರಿಸಿತು. ಮರುವರ್ಷ ಲಿಲಿಯನ್ ವಾಲ್ಡ್, ಚಾರ್ಲ್ಸ್ ಸ್ಟೋವರ್ ಮೊದಲಾದವರು ಬಯಲಾಟಗಳ ಸಂಘವೊಂದನ್ನು ಸ್ಥಾಪಿಸಿದರು. ಚಾಳುಗಳನ್ನು ಕೆಡವಿ ಬರಿದಾಗಿ ಬಿದ್ದಿದ್ದ ಸೀವರ್ಡ್ ಉದ್ಯಾನದ ನೆಲದಲ್ಲಿ ಈ ಸಂಘವು ಉಯ್ಯಾಲೆ, ಮರಳು, ವ್ಯಾಯಾಮದ ಸಾಧನಗಳನ್ನು ಹೂಡಿ ತೋರಿಸಿತು. ಮಕ್ಕಳು ಹಿಂಡುಹಿಂಡಾಗಿ ಬಂದರು. ನಗರವು ಕೊನೆಗೆ ಆ ಹೊಣೆಯನ್ನು ತಾನೇ ವಹಿಸಿಕೊಂಡು, ೧೯೦೩ರ ಅಕ್ಟೋಬರದಲ್ಲಿ ಅಲ್ಲಿ ಸ್ಥಿರವಾದ ಆಟದ ಬಯಲನ್ನು ತೆರೆಯಿತು. ಓಟದ ಪಥ, ಆಟದ ಸಲಕರಣೆ, ಸ್ನಾನದ ವ್ಯವಸ್ಥೆಯುಳ್ಳ ಮಂಟಪ, ಮಕ್ಕಳೇ ಬೆಳೆ ತೆಗೆಯುವ ತೋಟ ಇವೆಲ್ಲ ಅಲ್ಲಿದ್ದುವು. ಅಮೆರಿಕದಲ್ಲಿ ನಗರಾಡಳಿತವೇ ಕಟ್ಟಿದ ಮೊದಲ ಸ್ಥಿರ ಆಟದ ಬಯಲು ಅದೆಂದು ಪರಿಗಣಿತವಾಗಿದೆ. ೧೯೦೬ರಲ್ಲಿ ಇಡೀ ದೇಶಕ್ಕಾಗಿ ಆಟದ ಬಯಲುಗಳ ಸಂಘವು ಸ್ಥಾಪನೆಯಾದಾಗ, ಅಷ್ಟರಲ್ಲಿ ರಾಷ್ಟ್ರಾಧ್ಯಕ್ಷನಾಗಿದ್ದ ರೂಸ್‌ವೆಲ್ಟನು ಅದರ ಗೌರವಾಧ್ಯಕ್ಷನೂ ರೀಸನು ಗೌರವ ಉಪಾಧ್ಯಕ್ಷನೂ ಆದರು.

ರೀಸನು ಪದವಿಗಳನ್ನು ಬಯಸಲಿಲ್ಲ. ಬರೆಯುತ್ತ, ಉಪನ್ಯಾಸ ಮಾಡುತ್ತ, ದೇಶವೆಲ್ಲ ತಿರುಗುತ್ತ ದೇಹವನ್ನು ಸವೆಯಿಸಿದನು. ೧೯೦೧ರಲ್ಲಿ ಆತ್ಮಕಥೆಯನ್ನು ಬರೆದನು. ೧೯೦೫ರಲ್ಲಿ ಎಲಿಸಬೆತ್ ತೀರಿಕೊಂಡಳು. ಎರಡು ವರ್ಷಗಳ ಮೇಲೆ ಆತನು ಮರುಮದುವೆಯಾದನು. ಕೊನೆಯ ದಿನಗಳನ್ನು ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ಯಾರೆ ಎಂಬಲ್ಲಿ ಹೊಲಮನೆಯೊಂದರಲ್ಲಿ ಕಳೆದು, ೧೯೧೪ರ ಮೇ ೨೬ರಂದು ಹೃದ್ರೋಗದಿಂದ ಕಾಲವಾದನು. ನ್ಯೂಯಾರ್ಕಿನ ಕಡಲತೀರದ ಒಂದು ವಿಶಾಲ ಉದ್ಯಾನಕ್ಕೆ ಆತನ ಹೆಸರಿದೆ. ಮಲ್ಬೆರಿ ಬೆಂಡ್ ಉದ್ಯಾನವು ೧೯೧೧ರಿಂದ ಕೊಲಂಬಸ್ ಪಾರ್ಕ್ ಎಂದು ಕರೆಯಿಸಿಕೊಳ್ಳುತ್ತಿದೆ. ಚೀನೀಯರ ಕೇರಿಯ ನಡುವೆ ಇರುವ ಅಲ್ಲಿ ಮಕ್ಕಳಿಗೆ ಆಟದ ಸ್ಥಳವೂ ಇದೆ.

ಗುಣಗಳೊಡನೆ ದೋಷಗಳನ್ನೂ ಹೇಳುವುದು ಚರಿತ್ರಕಾರನ ಧರ್ಮ. ಇಟಲಿಯವರು, ಯೆಹೂದ್ಯರು, ಚೀನೀಯರು ಮೊದಲಾದವರನ್ನು ಕುರಿತು ರೀಸನು ಬರೆದ ಮಾತುಗಳಲ್ಲಿ ಜಾತಿಗೆಲ್ಲ ಒಂದೇ ಮುದ್ರೆಯೊತ್ತುವ ಅಂದಿನ ಕಾಲದ ಪೂರ್ವಗ್ರಹವು ಧಾರಾಳವಾಗಿದೆ. ತಾನೇ ವಲಸೆಗಾರನಾಗಿದ್ದವನು ಹೀಗೆ ಬರೆದದ್ದು ಸೋಜಿಗವೂ ಹೌದು, ವಿಷಾದವೂ ಹೌದು. ಎರಡನೆಯದಾಗಿ, ಕೆಡವಿದ ಚಾಳುಗಳಲ್ಲಿದ್ದ ಬಡಜನರಿಗೆ ನಗರವು ಬೇರೆ ಮನೆ ಕಟ್ಟಿಸಿಕೊಡಲಿಲ್ಲ. ಅವರು ಗಂಟುಮೂಟೆ ಹೊತ್ತು ಮತ್ತೊಂದು ಕಿಕ್ಕಿರಿದ ಕೇರಿಯನ್ನು ಸೇರಬೇಕಾಯಿತು. ಬೆಂಡಿನ ಮಕ್ಕಳಲ್ಲಿ ಎಷ್ಟೋ ಮಂದಿ, ತಮ್ಮ ಮನೆ ಉರುಳಿಸಿ ಮಾಡಿದ ಉದ್ಯಾನದಲ್ಲಿ ಆಡಲು ಅಲ್ಲಿ ಉಳಿದಿರಲೇ ಇಲ್ಲ. ಆಟದ ಬಯಲನ್ನು ಊರು ಕಟ್ಟುವಾಗಲೇ ಬಿಡದೆ, ಕಟ್ಟಿದ ಮೇಲೆ ಕೆಡವಿ ಬಿಡಿಸಿಕೊಳ್ಳಹೊರಟರೆ ಅದರ ಬೆಲೆಯನ್ನು ತೆರುವವರು ಬಡವರೇ ಎಂಬುದನ್ನು ನಾವು ಮರೆಯಬಾರದು.

ಇಷ್ಟಾದರೂ ರೀಸನ ಉಪಕಾರವು ದೊಡ್ಡದು. ಆಟವೆಂಬುದು ಮಕ್ಕಳಿಗೆ ಅನ್ನ, ಗಾಳಿ, ವಿದ್ಯೆಗಳಂತೆಯೇ ಬೇಕಾದ ವಸ್ತು. ಅದಕ್ಕೆ ನೆಲ ಕೊಡುವುದು ನಗರದ ದಾನವಲ್ಲ, ಕರ್ತವ್ಯ ಎಂಬುದನ್ನು ಆತನು ಜನರಿಗೆ ಮನಗಾಣಿಸಿದನು. ಆ ನೆಲವು ಮನೆಗೆ ಹತ್ತಿರವಿರಬೇಕು. ಕಾನೂನಿನ ಬಲದಿಂದ ಭದ್ರವಾಗಿರಬೇಕು. ಮಕ್ಕಳ ತುಳಿತಕ್ಕೆ ತಾಳುವಂತಿರಬೇಕು. ಆತನ ಇಡೀ ಜೀವನದಿಂದ ನಾವು ಈ ಮೂರು ಮಾತುಗಳನ್ನು ತೆಗೆದುಕೊಳ್ಳಬಹುದು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಮುಂಬಯಿ, ಪುಣೆ, ಮದರಾಸು, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮವರಿಗೆ ಈ ವಿಷಯ ಹೊಸದೇನಲ್ಲ. ಹಿರಿಯರು ಊರಿನ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದಿನ ಬಯಲಿನಲ್ಲಿ ಆಡಿ ಬೆಳೆದವರು. ಅವರ ಮಕ್ಕಳು ಮೊಗಸಾಲೆಯ ಉದ್ದವನ್ನೇ ಬಯಲೆಂದು ತಿಳಿದು ಬೆಳೆಯುತ್ತಾರೆ. ನಮ್ಮ ಸಂಘಗಳೂ ವಸತಿ ಮಂಡಲಿಗಳೂ ಸಭೆ ಸೇರಿದಾಗ ಮಂದಿರದ, ಸಭಾಗೃಹದ, ವಾಹನ ನಿಲ್ದಾಣದ ಲೆಕ್ಕವನ್ನು ನೋಡುತ್ತೇವೆ. ಅದೇ ಸಭೆಯಲ್ಲಿ ಮತ್ತೊಂದು ಲೆಕ್ಕವನ್ನೂ ಕೇಳುವವರು ಒಬ್ಬರಾದರೂ ಇರಲಿ: ನಮ್ಮ ಕಟ್ಟಡದ ಮಗುವು ಎಷ್ಟು ಹೆಜ್ಜೆ ನಡೆದರೆ ಓಡಬಹುದಾದ ನೆಲ ಸಿಗುತ್ತದೆ? ಉತ್ತರವು ತೃಪ್ತಿಕರವಾಗಿರದಿದ್ದರೆ ನಗರಾಡಳಿತದ ಬಾಗಿಲಿಗೆ ಹೋಗಿ ಕೇಳಬೇಕು. ಕೊಡದಿದ್ದರೆ ಮತ್ತೆ ಕೇಳಬೇಕು. ರೀಸನು ಒಂದು ಉದ್ಯಾನಕ್ಕಾಗಿ ಹತ್ತು ವರ್ಷ ಕೇಳಿದನು.